ದೊರೆ ಬಂಗಲೆ, ನಮ್ಮ ಲೈನ್ ಮನೆ

ಕೊಡಗಿನ ಪೊಲ್ಲಿಬೆಟ್ಟದ ಸುತ್ತ, ಚಿಕ್ಕಮಗಳೂರು ಮೂಡಿಗೆರೆ ಕಡೆ, ಕಾಫಿ ತೋಟಗಳ ನಡುವೆ ಹಳೇ ಬಂಗಲೆಗಳಿವೆ. ಬಿಳೀ ದೊರೆಗಳು ತಮಗಾಗಿ ಕಟ್ಟಿಸಿಕೊಂಡವು. ದಪ್ಪ ಗೋಡೆ, ಮರದ ನೆಲ, ಚಳಿ ಕಾಯಿಸಲು ಬೆಂಕಿಗೂಡು, ಉದ್ದನೆಯ ಜಗಲಿ. ಈಗ ಅವುಗಳಲ್ಲಿ ಹಲವನ್ನು ರಿಪೇರಿ ಮಾಡಿ, ಬಣ್ಣ ಬಳಿದು, ದುಡ್ಡಿದ್ದವರು ಬಂದು ತಂಗುವ ಐಷಾರಾಮದ ಮನೆ ಮಾಡಿದ್ದಾರೆ. 'ಪಾರಂಪರಿಕ ಬಂಗಲೆ' ಅಂತ ಹೆಸರು. ಕೆಲವು ಕಡೆ ಒಂದು ರಾತ್ರಿಗೆ ಕೇಳುವ ಬಾಡಿಗೆ ತೋಟದಲ್ಲಿ ಹಣ್ಣು ಕುಯ್ಯುವ ಹೆಂಗಸಿಗೆ ವಾರಗಟ್ಟಲೆ ಕೂಲಿ.

ಪರಂಪರೆ ಸರಿ, ಯಾರದು? ಇದೊಂದು ಮಾತನ್ನು ನಾವು ಕೇಳಬೇಕಾಗಿದೆ. ಯಾಕೆಂದರೆ ಈ ಪತ್ರಿಕೆಯನ್ನು ಹಾಸ್ಟೆಲ್ಲಿನಲ್ಲಿ ಕೂತು ಓದುವ ನಮ್ಮಲ್ಲಿ ಎಷ್ಟೋ ಜನ ಆ ಬಂಗಲೆಯ ಕೆಳಗಿನ ಲೈನ್ ಮನೆಗಳಲ್ಲಿ ಹುಟ್ಟಿದವರು.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ನುಂಗಿತು. 1854ರಲ್ಲಿ ಫೌಲರ್ ಎಂಬ ದೊರೆ ಮಡಿಕೇರಿಯಲ್ಲಿ ಅಲ್ಲಿನ ಮೊದಲ ಬಿಳಿಯರ ತೋಟ ತೆರೆದ. ಕಾಡು ಕಡಿಯೋಕೆ, ಗುಂಡಿ ತೋಡೋಕೆ, ಮೂಟೆ ಹೊರೋಕೆ ಆಳು ಬೇಕಲ್ಲ? ಮೇಸ್ತ್ರಿಗಳು ಕೇರಿ ಕೇರಿಗೆ ಹೋಗಿ ಮುಂಗಡ ಕೊಟ್ಟು ಜನರನ್ನು ಕರೆತಂದರು. ಹಸಿದವರು ಕೈಯೊಡ್ಡಿದರು. ಕೈಯೊಡ್ಡಿದ ಕೂಡಲೇ ಕಾನೂನು ಕೈಗೆ ಕೋಳ ಹಾಕಿತು. 1859ರ 13ನೇ ಕಾಯ್ದೆ ಪ್ರಕಾರ ಮುಂಗಡ ತಗೊಂಡ ಆಳು ಕೆಲಸ ಬಿಟ್ಟು ಓಡಿದರೆ ಮೂರು ತಿಂಗಳವರೆಗೆ ಜೈಲು. ಕರಾರು ಮುರಿದ ದೊರೆಗೆ ಆ ಕಾಯ್ದೆಯಲ್ಲಿ ಜೈಲಿಲ್ಲ, ಓಡಿದ ಆಳಿಗೆ ಜೈಲು. ಆ ಕಾಯ್ದೆಯನ್ನು ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ. ಬಂಗಲೆಯ ಒಂದೊಂದು ತೊಲೆಯನ್ನೂ ಹೊತ್ತ ಹೆಗಲು ಇಂಥ ಕಾನೂನಿನ ಕೆಳಗೆ ಬಾಗಿದ ಹೆಗಲು. ಬೆಂಕಿಗೂಡಿಗೆ ಸೌದೆ ಹಾಕಿದವನು ಚಳಿಯಲ್ಲಿ ಹೊರಗೆ ಮಲಗಿದ. ಇದನ್ನು ಯಾವ ಬೋರ್ಡಿನ ಮೇಲೂ ಬರೆಯೋದಿಲ್ಲ.

ದೊರೆ ಹೋದ, ಧಣಿ ಬಂದ. 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಬಂತು. ಮಾಲೀಕ ಕೆಲಸಗಾರರಿಗೆ ಮನೆ ಕೊಡಬೇಕು ಅಂತ ಅದು ಹೇಳಿತು. ಒಳ್ಳೇ ಮಾತು. ಆದರೆ ಆ ಮನೆ ಯಾವತ್ತೂ ನಮ್ಮದಾಗಲಿಲ್ಲ. ಕೆಲಸ ಇರುವ ತನಕ ಸೂರು, ಕೆಲಸ ಹೋದರೆ ಬೀದಿ. ಧಣಿಯ ಎದುರು ಒಂದು ಮಾತಾಡಿದರೂ ಪಾತ್ರೆ ಪಗಡೆ ಅಂಗಳಕ್ಕೆ. ಮೂರು ತಲೆಮಾರು ಬಾಳಿದ ಮನೆಗೆ ಒಂದು ತುಂಡು ಕಾಗದ ಇಲ್ಲ. ಕಾಗದ ಇಲ್ಲದವನಿಗೆ ರೇಷನ್ ಕಾರ್ಡಿಗೂ ಜಾತಿ ಸರ್ಟಿಫಿಕೇಟಿಗೂ ಅಲೆದಾಟ.

1974ರಲ್ಲಿ ದೇವರಾಜ ಅರಸು ಸರಕಾರ ಉಳುವವನಿಗೆ ಭೂಮಿ ಅಂದಿತು. ಬಯಲುಸೀಮೆಯ, ಕರಾವಳಿಯ ಎಷ್ಟೋ ಗೇಣಿದಾರರು ಒಡೆಯರಾದರು. ಆದರೆ ಕಾಫಿ, ಟೀ, ಏಲಕ್ಕಿ, ರಬ್ಬರ್ ತೋಟಗಳು ಭೂಮಿತಿಯ ಹೊರಗೇ ಉಳಿದವು. ನೂರಾರು ಎಕರೆ ಹಾಗೇ ಇತ್ತು. ಅದರಲ್ಲಿ ದುಡಿಯುವವನು ಗೇಣಿದಾರನೂ ಅಲ್ಲ, ಬರೀ ಕೂಲಿ. ಹಾಗಾಗಿ ಕ್ರಾಂತಿ ನಮ್ಮ ಲೈನಿನ ಬಾಗಿಲು ತಟ್ಟದೆ ರಸ್ತೆಯಲ್ಲೇ ಹೋಯಿತು. 1976ರಲ್ಲಿ ಜೀತ ರದ್ದಾಯಿತು. ಸಾಲದ ಪುಸ್ತಕ ಮಾತ್ರ ಧಣಿಯ ಪೆಟ್ಟಿಗೆಯಲ್ಲೇ ಇತ್ತು.

ಸಹಿಸಲಾರದೆ ಲೈನ್ ಬಿಟ್ಟು ಹೊರಟವರಿಗೆ ಏನಾಯಿತು? ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯನ್ನು ನೆನೆಯಿರಿ. ಜೇನುಕುರುಬರು, ಎರವರು, ಪಣಿಯರು ತೋಟಗಳಿಂದ ಬಂದು ಗುಡಿಸಲು ಹಾಕಿಕೊಂಡರು. 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ 577 ಗುಡಿಸಲು ಕೆಡವಿತು. ಚಳಿಯಲ್ಲಿ ಮಕ್ಕಳುಮರಿ ಮರದಡಿ ಕೂತವು. ಬಿಡದೆ ಹೋರಾಡಿದ ಮೇಲೆ ಬ್ಯಾಡಗೊಟ್ಟ, ಬಸವನಹಳ್ಳಿಯಲ್ಲಿ ಜಾಗ ಕೊಟ್ಟರು. ಇನ್ನೊಂದು ಕಡೆ ನೋಡಿ. ಸರಕಾರಿ ಜಾಗ ಒತ್ತುವರಿ ಮಾಡಿ ಕಾಫಿ ಹಾಕಿಕೊಂಡವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ನಮ್ಮ ರಾಜ್ಯ ಕಾನೂನನ್ನೇ ತಿದ್ದಿತು. ಗುಡಿಸಲಿನ ಒತ್ತುವರಿಗೆ ಜೆಸಿಬಿ. ತೋಟದ ಒತ್ತುವರಿಗೆ ಕರಾರುಪತ್ರ. ಇದಕ್ಕೆ ಏನನ್ನಬೇಕು?

ನಾವು ಬಂಗಲೆಗೆ ಬೆಂಕಿ ಹಚ್ಚಿ ಅನ್ನುತ್ತಿಲ್ಲ. ಅದು ನಮ್ಮ ಅಜ್ಜಂದಿರ ಬೆವರು, ಉಳಿಯಲಿ. ಅಲ್ಲಿ ತಟ್ಟೆ ಹಿಡಿದು ನಿಂತಿರುವ, ಅತಿಥಿಗೆ ತೋಟ ತೋರಿಸುವ ನಮ್ಮ ತಮ್ಮಂದಿರನ್ನೂ ಹಂಗಿಸಬೇಡಿ. ದುಡಿದು ತಿನ್ನೋದು ಅವಮಾನ ಅಲ್ಲ. ಅವಮಾನ ಇರೋದು ಬೇರೆ ಕಡೆ: ನೂರು ವರ್ಷದ ಬಂಗಲೆ ಪರಂಪರೆ ಆಗುತ್ತೆ, ಅದೇ ನೂರು ವರ್ಷದ ಲೈನ್ ಬರೀ ಕೊಳಕು ಆಗುತ್ತೆ. ಅದರ ಹೆಂಚು ಸೋರುತ್ತಿದ್ದರೂ ರಿಪೇರಿ ಮಾಡಿಸೋಕೆ ದುಡ್ಡಿಲ್ಲ.

ನಮ್ಮನ್ನೂ ನಾವೇ ಕೇಳಿಕೊಳ್ಳೋಣ. ಡಿಗ್ರಿ ಮುಗಿಸಿ ಕೆಲಸ ಹಿಡಿದ ಮೇಲೆ ನಮಗೂ ಆ ಜಗಲಿಯಲ್ಲಿ ಕಾಲು ಚಾಚಿ ಕಾಫಿ ಕುಡಿಯುವ ಆಸೆ ಬರಬಹುದು. ಕುಡಿಯಿರಿ. ಆದರೆ ಅಲ್ಲಿಂದ ಲೈನ್ ಕಾಣದಿದ್ದರೆ, ನಾವು ಓದಿದ್ದು ದೊರೆಯ ಓದು.

ಗೆಳೆಯರೇ, ಈ ಸಲ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಹೋಗಿ. ನಿಮ್ಮ ಲೈನಿನಲ್ಲಿ ಯಾವ ಮನೆಯವರು ಯಾವ ಕಾಲದಿಂದ ಇದ್ದಾರೆ, ಅಜ್ಜಿ ಯಾವ ಊರಿನಿಂದ ಬಂದಳು, ಮುಂಗಡ ಎಷ್ಟು ಅಂತ ಕೂತು ಕೇಳಿ ಬರೆಯಿರಿ. ಹಳೇ ಶಾಲೆ ಸರ್ಟಿಫಿಕೇಟು, ವೋಟರ್ ಚೀಟಿ, ಕೂಲಿ ಚೀಟಿ ಇದ್ದರೆ ಜೋಪಾನ ಮಾಡಿ. ಅವ್ವಂದಿರ ಹೆಸರಿನಲ್ಲಿ ನಿವೇಶನಕ್ಕೆ ಅರ್ಜಿ ಬರೆದುಕೊಡಿ, ತಾಲ್ಲೂಕು ಕಚೇರಿಯಿಂದ ಸ್ವೀಕೃತಿ ತಗೊಳ್ಳದೆ ಎದ್ದು ಬರಬೇಡಿ. ನಾವು ಕಲಿತ ಅಕ್ಷರಕ್ಕೆ ಇದಕ್ಕಿಂತ ದೊಡ್ಡ ಕೆಲಸ ಇಲ್ಲ.

ಬಂಗಲೆಗೆ ಚರಿತ್ರೆ ಇದೆ. ಲೈನಿಗೂ ಇದೆ. ಬರೆಯಬೇಕಾದವರು ನಾವು.

ಜೈ ಭೀಮ್.