ಚಪ್ಪಾಳೆ ರೇಡರ್‌ಗೆ ಮಾತ್ರವೇ?

ನಮ್ಮ ಯಶವಂತನಗರದಲ್ಲಿ ಕಬಡ್ಡಿ ಆಡುವಾಗ ರೇಡ್‌ಗೆ ಹೋಗಲು ಹುಡುಗರ ನಡುವೆ ಜಗಳವೇ ನಡೆಯುತ್ತದೆ. ಎಡ ಕಾರ್ನರ್‌ನಲ್ಲಿ ನಿಲ್ಲಲು ಯಾರೂ ಮುಂದೆ ಬರುವುದಿಲ್ಲ. ನಾನು ನಿಲ್ಲುತ್ತೇನೆ. ಕಳೆದ ಸೆಮಿಸ್ಟರ್‌ನಲ್ಲಿ ಕಾಲೇಜು ತಂಡದ ಆಯ್ಕೆಗೆ ಹೋದಾಗ ಕೇಳಿದ ಮೊದಲ ಪ್ರಶ್ನೆ, ‘ರೇಡ್ ಮಾಡ್ತೀಯಾ?’ ‘ಇಲ್ಲ ಸರ್, ಕಾರ್ನರ್’ ಎಂದೆ. ‘ಆಮೇಲೆ ನೋಡೋಣ’ ಎಂದರು. ಆ ‘ಆಮೇಲೆ’ ಇನ್ನೂ ಬಂದಿಲ್ಲ.

ತಪ್ಪು ಅವರೊಬ್ಬರದ್ದೇ ಅಲ್ಲ. ವೇಗದ ಆಟ ಕಣ್ಣಿಗೆ ಹಬ್ಬ. 2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ 38–33ರಿಂದ ಗುಜರಾತ್ ತಂಡವನ್ನು ಸೋಲಿಸಿ ಮೊದಲ ಬಾರಿ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಾಗ ನಾನು ಹೈಸ್ಕೂಲಿನಲ್ಲಿದ್ದೆ. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದಿದ್ದರು. ಮರುದಿನ ನಮ್ಮ ಓಣಿಯ ಹುಡುಗರೆಲ್ಲ ಪವನ್ ಆಗಿದ್ದರು.

ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ರೇಡರ್ ಒಬ್ಬನನ್ನು ಮುಟ್ಟಿ ಬಂದರೆ ಒಂದು ಅಂಕ, ರೇಡರ್‌ನನ್ನು ಹಿಡಿದರೂ ಒಂದು ಅಂಕ. ಆದರೆ ಹಿಡಿದಾಗ ಎದುರಾಳಿಯ ಮುಖ್ಯ ರೇಡರೇ ಹೊರಗೆ ಕೂರಬೇಕು. ಅವನ ತಂಡ ಅಂಕ ಗಳಿಸಿ ಒಳಗೆ ಕರೆಸಿಕೊಳ್ಳುವವರೆಗೂ ಅವನ ವೇಗಕ್ಕೆ ಬೆಲೆಯಿಲ್ಲ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಿರುವಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆಲೌಟ್ ಅಂಚಿನಲ್ಲಿದ್ದ ತಂಡ ಅಲ್ಲಿಂದಲೇ ಎದ್ದು ನಿಲ್ಲುತ್ತದೆ.

2024ರಲ್ಲಿ ಎರಡು ಫೈನಲ್ ನಡೆದವು. ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ 28–25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಸೋಲಿಸಿತು. ಡಿಸೆಂಬರ್‌ನಲ್ಲಿ ಅದೇ ಹರಿಯಾಣ 32–23ರಿಂದ ಪಟ್ನಾ ಪೈರೇಟ್ಸ್ ವಿರುದ್ಧ ಗೆದ್ದಿತು. ಆ ಆವೃತ್ತಿಯಲ್ಲಿ ಅತಿ ಹೆಚ್ಚು ರೇಡ್ ಅಂಕ ಗಳಿಸಿದ ದೇವಾಂಕ್ ಪಟ್ನಾ ತಂಡದಲ್ಲೇ ಇದ್ದರು. ಎರಡು ಸಲವೂ ಗೆದ್ದ ತಂಡದಲ್ಲಿದ್ದ ಆಟಗಾರ ಇರಾನ್‌ನ ಶಾದ್ಲೂಯಿ. ಅವರು ಹೆಸರು ಮಾಡಿದ್ದು ಹಿಡಿತದಿಂದ.

ರಕ್ಷಣೆ ಎಂದರೆ ಸಮಯ ದೂಡುವುದು ಎನ್ನುವವರಿದ್ದಾರೆ. ಅಂಥ ಆಟ ನನಗೂ ಬೇಡ. 1950ರಲ್ಲಿ ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಪಂದ್ಯವೊಂದು ಚೆಂಡನ್ನು ಸುಮ್ಮನೆ ಹಿಡಿದುಕೊಂಡೇ ಆಡಿದ್ದರಿಂದ 19–18ಕ್ಕೆ ಮುಗಿದಿತ್ತು. 1954ರಲ್ಲಿ 24 ಸೆಕೆಂಡಿನೊಳಗೆ ಚೆಂಡೆಸೆಯಬೇಕೆಂಬ ನಿಯಮ ಬಂತು. ಪ್ರೊ ಕಬಡ್ಡಿಯಲ್ಲೂ ಎರಡು ಖಾಲಿ ರೇಡ್ ಆದರೆ ಮೂರನೆಯದು ‘ಡೂ ಆರ್ ಡೈ’. ಸೋಮಾರಿ ಆಟವನ್ನು ನಿಯಮವೇ ಹೊರಗಟ್ಟಿದೆ. ಉಳಿದಿರುವುದು ಎಚ್ಚರದ, ಧೈರ್ಯದ ರಕ್ಷಣೆ. 30 ಸೆಕೆಂಡ್ ಕಾದು, ಒಂದು ಕ್ಷಣದಲ್ಲಿ ಕಾಲಿಗೆ ಬೀಳುವುದು ಸುಲಭವಲ್ಲ.

ಪ್ಲೇಸ್‌ಮೆಂಟ್ ತರಬೇತಿಯಲ್ಲೂ ಥಟ್ಟನೆ ಉತ್ತರಿಸಿದವನೇ ಜಾಣ. ತಪ್ಪಿಗೆ ಅಂಕ ಕಳೆಯುವ ಪರೀಕ್ಷೆಯಲ್ಲಿ, ಗೊತ್ತಿಲ್ಲದ್ದನ್ನು ಬಿಡುವವನೂ ಅಂಕ ಉಳಿಸುತ್ತಾನೆ ಎಂಬುದನ್ನು ಮರೆಯುತ್ತೇವೆ.

ರೇಡರ್‌ಗಳು ಬೇಡ ಎನ್ನುತ್ತಿಲ್ಲ. ಆಯ್ಕೆಯ ದಿನ ಹಿಡಿಯುವವನಿಗೂ ಐದು ನಿಮಿಷ ಅಂಕಣ ಕೊಡಿ ಎನ್ನುತ್ತಿದ್ದೇನೆ. ಮುಂದಿನ ಆಯ್ಕೆಗೂ ಹೋಗುತ್ತೇನೆ. ಕೇಳಿದರೆ ‘ಕಾರ್ನರ್’ ಎಂದೇ ಹೇಳುತ್ತೇನೆ.