ಚೊಳಚಗುಡ್ಡದ ಕಾಲುದಾರಿಗಳು

ಬೆಟ್ಟ ಕಾಡುಗಳನ್ನು ಕಾಲ್ನಡಿಗೆಯಿಂದ ಸುತ್ತಿಬರುವ ಹವ್ಯಾಸವು ನಮ್ಮ ನಾಡಿನ ತರುಣರಲ್ಲಿ ವರುಷದಿಂದ ವರುಷಕ್ಕೆ ಹೆಚ್ಚುತ್ತಿರುವುದು ಸಂತೋಷದ ಸಂಗತಿಯು. ಚಾರಣವೆಂದು ಈಗ ರೂಢಿಯಲ್ಲಿರುವ ಈ ನಡಿಗೆಯಿಂದ ದೇಹಕ್ಕೆ ಕಸುವೂ ಮನಸ್ಸಿಗೆ ಉಲ್ಲಾಸವೂ ದೊರೆಯುವವಲ್ಲದೆ, ತನ್ನ ನಾಡೆಂಬುದು ನಕಾಶೆಯ ಮೇಲಿನ ಬಣ್ಣವಲ್ಲ, ನೆಲ ನೀರು ಜನಗಳ ಸಮುದಾಯವೆಂಬ ಅರಿವೂ ಮೂಡುತ್ತದೆ. ಆದರೆ ಒಳ್ಳೆಯ ಹವ್ಯಾಸಕ್ಕೂ ವ್ಯವಸ್ಥೆಯಿಲ್ಲದಿದ್ದರೆ ಏನಾಗುವದೆಂಬುದನ್ನು 2024ರ ಜನವರಿ ತಿಂಗಳು ತೋರಿಸಿಕೊಟ್ಟಿತು. ಗಣರಾಜ್ಯೋತ್ಸವದ ರಜೆಯಲ್ಲಿ ಕುಕ್ಕೆ ಸುಬ್ರಹ್ಮಣ್ಯದ ಮೇಲಿನ ಕುಮಾರಪರ್ವತಕ್ಕೆ ಜನರು ಸಂತೆಯಂತೆ ನೆರೆದರು. ಆ ಚಿತ್ರಗಳು ನಾಡೆಲ್ಲ ಹರಡಿದ ಮೇಲೆ ಅರಣ್ಯ ಖಾತೆಯವರು ಆನ್‌ಲೈನ್ ನೋಂದಣಿಯಿಲ್ಲದ ಕಡೆಗಳಲ್ಲಿ ಚಾರಣವನ್ನೇ ನಿಲ್ಲಿಸಿದರು. ಅದೇ ವರುಷದ ಅಕ್ಟೋಬರದಲ್ಲಿ, ಮುಂಗಡ ನೋಂದಣಿಯನ್ನೂ ದಿನಕ್ಕೆ ಇಂತಿಷ್ಟೇ ಮಂದಿಯೆಂಬ ಮಿತಿಯನ್ನೂ ಗೊತ್ತುಪಡಿಸಿ ಮರಳಿ ಅನುಮತಿ ಕೊಟ್ಟರು.

ಈ ಮಿತಿಯನ್ನು ನಾವು ಆಕ್ಷೇಪಿಸುವದಿಲ್ಲ; ಅಭಯಾರಣ್ಯವು ಜಾತ್ರೆಯ ಬಯಲಲ್ಲ. ಆದರೆ ಬಾಗಿಲಿಗೆ ಕಾವಲು ಹಾಕುವದಷ್ಟೇ ಸರಕಾರದ ಕರ್ತವ್ಯವೆ? ನಡೆಯಬೇಕೆಂಬ ಸಹಸ್ರಾರು ಜನರೆಲ್ಲ ಪಶ್ಚಿಮಘಟ್ಟದ ನಾಲ್ಕಾರು ಶಿಖರಗಳಿಗೇ ಏಕೆ ಮುತ್ತುತ್ತಾರೆ? ನಡೆಯಲು ತಕ್ಕ ಬೇರೆ ದಾರಿಗಳು ನಾಡಿನಲ್ಲಿಲ್ಲವೆ? ಬಾದಾಮಿ ತಾಲೂಕಿನ ಚೊಳಚಗುಡ್ಡವನ್ನು ಕಂಡವರು ಇಲ್ಲವೆಂದು ಹೇಳಲಾರರು.

ಮಲಪ್ರಭೆಯ ದಂಡೆಯ ಈ ಊರನ್ನು ಹೊರಗಿನವರು ಬನಶಂಕರಿಯೆಂಬ ಹೆಸರಿನಿಂದಲೇ ಹೆಚ್ಚಾಗಿ ಬಲ್ಲರು. ಬಾದಾಮಿಯಿಂದ ಇಲ್ಲಿಗೆ ಸುಮಾರು 5 ಕಿಲೋಮೀಟರು. ಪುಷ್ಯಮಾಸದ ಬನದ ಹುಣ್ಣಿಮೆಗೆ ತಾಯಿಯ ತೇರು ಎಳೆಯುತ್ತದೆ. ನಾಟಕ ಕಂಪನಿಗಳೂ ಬಾಗಿಲು ಚೌಕಟ್ಟುಗಳ ಮಾರಾಟವೂ ಕೂಡಿದ ಇಲ್ಲಿಯ ಜಾತ್ರೆಯ ವರ್ಣನೆಯನ್ನು ಈ ಭಾಗದ ಓದುಗರಿಗೆ ಮಾಡಬೇಕಾಗಿಲ್ಲ. ನಮ್ಮ ವಿಷಯಕ್ಕೆ ಮುಖ್ಯವಾದದ್ದೆಂದರೆ, ಆ ದಿನಗಳಲ್ಲಿ ಬಾಗಲಕೋಟೆ, ಗದಗ, ಇಳಕಲ್ಲ ಮೊದಲಾದ ಕಡೆಗಳಿಂದ ಗಂಡಸರು ಹೆಂಗಸರು ತಲೆಯ ಮೇಲೆ ಗಂಟು ಹೊತ್ತು ನಡೆದೇ ಬರುತ್ತಾರೆಂಬುದು. ಇವರು ಯಾವ ಚಾರಣ ಸಂಘಕ್ಕೂ ವಂತಿಗೆ ಕೊಟ್ಟವರಲ್ಲ, ಬೆಲೆಬಾಳುವ ಬೂಟು ಧರಿಸಿದವರಲ್ಲ. ಆದರೂ ದೂರದ ನಡಿಗೆಯ ವಿದ್ಯೆಯಲ್ಲಿ ನಾಡಿಗೆ ಇವರೇ ಹಿರಿಯರು.

ಇದೇ ಸೀಮೆಯಲ್ಲಿ ಇನ್ನೊಂದು ಬಗೆಯ ನಡಿಗೆಯೂ ಉಂಟು. ಬಾದಾಮಿಯ ಕೆಂಗಲ್ಲಿನ ಗುಡ್ಡವನ್ನೇರಿ ಮಹಾಕೂಟಕ್ಕೆ ಇಳಿಯುವ ಹಳೆಯ ಯಾತ್ರಾಮಾರ್ಗವನ್ನು ಹವ್ಯಾಸಿ ಚಾರಣಿಗರು ಇಂದಿಗೂ ತುಳಿಯುತ್ತಾರೆ. ಗುಡ್ಡದ ಮೇಲಿಂದ ಒಂದೆರಡು ತಾಸಿನ ಈ ದಾರಿಯು ಮೋಟಾರಿನ ರಸ್ತೆಗಿಂತ ಬಹಳ ಹತ್ತಿರದ್ದು. ಆದಿಮಾನವರ ಚಿತ್ರಗಳುಳ್ಳ ಶಿಡ್ಲಫಡಿಯ ಕಲ್ಲಾಸರೆಯು ಈ ಗುಡ್ಡಗಳಲ್ಲಿಯೇ ಇದೆ. ಒಂದನೆಯ ಪುಲಕೇಶಿಯು ಕೋಟೆ ಕಟ್ಟಿಸಿದ್ದನ್ನು ತಿಳಿಸುವ ಕ್ರಿ.ಶ. 543ರ ಬಂಡೆಯ ಶಾಸನ, ಮಂಗಲೇಶನು ಮಾಡಿಸಿದ 578ರ ಗುಹಾದೇವಾಲಯ, ಮಹಾಕೂಟದ ಬಾಗಿಲಲ್ಲಿ ಎಲುಬಿನ ಹಂದರದಂತೆ ನಿಂತ ಕಾಲ ಕಂಕಾಲಿಯರು, ಅಲ್ಲಿಂದ ಮುಂದೆ 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲು, ಅದರಾಚೆ 634ರ ರವಿಕೀರ್ತಿಯ ಶಾಸನವುಳ್ಳ ಐಹೊಳೆ—ಇವೆಲ್ಲವೂ ಗಟ್ಟಿಗನಾದವನ ಎರಡು ಮೂರು ದಿನಗಳ ನಡಿಗೆಯೊಳಗೆ ಅಡಗಿವೆ. ಚೊಳಚಗುಡ್ಡಕ್ಕೆ ಸಮೀಪದ ಖ್ಯಾಡದ ಹೊಳೆದಂಡೆಯಲ್ಲಿ ಶಿಲಾಯುಗದ ಆಯುಧಗಳು ದೊರೆತಿರುವದರಿಂದ, ಈ ಕಣಿವೆಯಲ್ಲಿ ಮನುಷ್ಯನು ನಡೆದಾಡಿದ್ದು ಚಾಲುಕ್ಯರಿಗಿಂತ ಎಷ್ಟೋ ಸಾವಿರ ವರುಷಗಳ ಹಿಂದಿನಿಂದ ಎಂಬುದು ಸಿದ್ಧವಾಗಿದೆ. ಒಂದು ಕಣಿವೆಯಲ್ಲಿ ಇಷ್ಟೊಂದು ಕಾಲವನ್ನು ಕಾಲಿನಿಂದಲೇ ದಾಟಬಲ್ಲ ಸ್ಥಳಗಳು ಭರತಖಂಡದಲ್ಲಿ ವಿರಳ.

ಇಂಥ ದಾರಿಗಳ ಇಂದಿನ ಸ್ಥಿತಿಯೇನು? ಹಳ್ಳಿಯಿಂದ ಹಳ್ಳಿಗೆ ಹೊಲಗಳ ನಡುವೆ ಹೋಗುತ್ತಿದ್ದ ಕಾಲುದಾರಿಗಳಲ್ಲಿ ಕೆಲವು ಡಾಂಬರಿನ ಕೆಳಗೆ ಹೋದವು, ಕೆಲವು ಬೇಲಿಯ ಒಳಗೆ ಹೋದವು, ಮತ್ತೆ ಕೆಲವು ನಡೆಯುವವರಿಲ್ಲದೆ ಜಾಲಿಯ ಪಾಲಾದವು. ಆದ್ದರಿಂದ ಭಕ್ತನು ವಾಹನಗಳ ರಸ್ತೆಯ ಅಂಚನ್ನೇ ಹಿಡಿಯಬೇಕಾಗಿದೆ. ಬನಶಂಕರಿಯ ಜಾತ್ರೆಯ ಕಾಲವೂ ಈ ಜಿಲ್ಲೆಯ ಸಕ್ಕರೆ ಕಾರಖಾನೆಗಳಿಗೆ ಕಬ್ಬು ಸಾಗುವ ಕಾಲವೂ ಒಂದೇ. ಎರಡೆರಡು ಟ್ರೇಲರುಗಳ ತುಂಬ ಕಬ್ಬು ಹೇರಿ, ಹಿಂದೆ ದೀಪವೂ ಇಲ್ಲದೆ ಹೊರಟ ಟ್ರಾಕ್ಟರಿನ ಪಕ್ಕದಲ್ಲಿ, ನಸುಕಿನ ಮಂಜಿನೊಳಗೆ ಕೂಸನ್ನೆತ್ತಿಕೊಂಡು ನಡೆಯುವ ತಾಯಿಯ ಜೀವಕ್ಕೆ ಹೊಣೆ ಯಾರು? ಪಾದಚಾರಿಗೆ ಅಡೆತಡೆಯಿಲ್ಲದ ದಾರಿಯು ಸಂವಿಧಾನದ 21ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿದೆ. ಆ ಮಾತು ಪಟ್ಟಣದ ಪಾದಚಾರಿಗೆ ಅನ್ವಯಿಸುವಂತೆ ಯಾತ್ರೆಯ ರಸ್ತೆಯಲ್ಲಿ ನಡೆಯುವವನಿಗೂ ಅನ್ವಯಿಸತಕ್ಕದ್ದೆಂದು ನಮ್ಮ ಅಭಿಪ್ರಾಯವು.

ಭಕ್ತನ ಯಾತ್ರೆಯೇ ಬೇರೆ, ಹವ್ಯಾಸಿಯ ವಿಹಾರವೇ ಬೇರೆ, ಎರಡನ್ನೂ ಒಂದು ನೊಗಕ್ಕೆ ಕಟ್ಟುವದು ಸರಿಯೆ ಎಂದು ಕೆಲವರು ಕೇಳಬಹುದು. ಮನಸ್ಸು ಬೇರೆಯಾದರೂ ಇಬ್ಬರಿಗೂ ಬೇಕಾದ ದಾರಿ, ನೆರಳು, ನೀರು ಒಂದೇ. ಸ್ಪೇನ್ ದೇಶದ ಸ್ಯಾಂಟಿಯಾಗೊ ಯಾತ್ರೆಯನ್ನು ನೋಡಿರಿ. ಬಹಳ ಮಟ್ಟಿಗೆ ಮರೆತುಹೋಗಿದ್ದ ಆ ಹಳೆಯ ಮಾರ್ಗಕ್ಕೆ 1980ರ ದಶಕದಲ್ಲಿ ಎಲಿಯಾಸ್ ವಾಲಿನ್ಯಾ ಎಂಬ ಹಳ್ಳಿಯ ಪಾದ್ರಿಯು ಹಳದಿ ಬಣ್ಣದ ಬಾಣದ ಗುರುತುಗಳನ್ನು ಬರೆಯುತ್ತ ಹೋದನು. ದಾರಿಯುದ್ದಕ್ಕೂ ಅಗ್ಗದ ತಂಗುದಾಣಗಳು ಎದ್ದವು. 2023ರಲ್ಲಿ ಯಾತ್ರೆ ಮುಗಿಸಿದ ಪ್ರಮಾಣಪತ್ರ ಪಡೆದವರು 4 ಲಕ್ಷಕ್ಕೂ ಮೇಲು. ಅವರೊಳಗೆ ಹರಕೆಯವರೂ ಉಂಟು, ಬರಿಯ ನಡಿಗೆಯ ಸುಖಕ್ಕೆ ಬಂದವರೂ ಉಂಟು. ಅಷ್ಟು ದೂರವೂ ಬೇಡ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಭಕ್ತರು ಯುಗಾದಿಗೆ ಶ್ರೀಶೈಲಕ್ಕೆ ನಡೆಯುವಾಗ ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನುಗಳ ಮೇಲೆ ಹಾಯ್ದು ಕೈಲಾಸದ್ವಾರಕ್ಕೆ ಏರುತ್ತಾರೆ. ಅದು ಹುಲಿಗಳ ಕಾಯ್ದಿಟ್ಟ ಅರಣ್ಯವಾದರೂ ಆಂಧ್ರದ ಅಧಿಕಾರಿಗಳು ಆ ದಿನಗಳಲ್ಲಿ ಆ ದಾರಿಯನ್ನು ತೆರೆದಿಡುತ್ತಾರೆ. ಇತ್ತ ದಾರಿಯ ಊರುಗಳವರು ಯಾತ್ರಿಕರಿಗೆ ಮಜ್ಜಿಗೆ, ಊಟಗಳನ್ನು ಕರೆದು ಕೊಡುತ್ತಾರೆ. ಕಾಡನ್ನೂ ಕಾಯ್ದು ನಡೆಯುವವನನ್ನೂ ಕಾಯುವ ಮಾರ್ಗವು ನಮಗೆ ಹೊಸತಲ್ಲ.

ಈಗ ಆಗಬೇಕಾದುದೇನು? ಮೊದಲನೆಯದಾಗಿ, ಪ್ರತಿಯೊಂದು ಗ್ರಾಮದ ನಕಾಶೆಯಲ್ಲಿ ಬಂಡಿದಾರಿ ಕಾಲುದಾರಿಗಳನ್ನು ಚುಕ್ಕೆಗೆರೆಗಳಿಂದ ಕಾಣಿಸಿರುತ್ತದೆಂಬುದನ್ನು ಕಂದಾಯ ಖಾತೆಯವರು ನಮಗಿಂತ ಚೆನ್ನಾಗಿ ಬಲ್ಲರು. ಬಾದಾಮಿಯ ತಹಶೀಲದಾರರು ಭೂಮಾಪಕರೊಡನೆ ಆ ನಕಾಶೆಗಳನ್ನು ಕೈಯಲ್ಲಿ ಹಿಡಿದು ಚೊಳಚಗುಡ್ಡದಿಂದ ಪಟ್ಟದಕಲ್ಲಿನವರೆಗೆ ಒಮ್ಮೆ ನಡೆದು ನೋಡಲಿ. ಯಾವ ದಾರಿ ಉಳಿದಿದೆ, ಯಾವುದು ಒತ್ತುವರಿಯಾಗಿದೆ ಎಂಬ ಯಾದಿಯನ್ನು ಪ್ರಕಟಿಸಲಿ. ಎರಡನೆಯದಾಗಿ, ಉಳಿದ ದಾರಿಗೆ ಕಲ್ಲಿನ ಗುರುತುಗಳನ್ನು ನೆಟ್ಟು, ನಡುನಡುವೆ ಕುಡಿಯುವ ನೀರಿನ ವ್ಯವಸ್ಥೆಯಾಗಲಿ. ಬೇಸಗೆಯಲ್ಲಿ ಈ ಬಂಡೆಗಳು ಕಾದಾಗ ನೀರಿಲ್ಲದವನ ಗತಿಯು ಕಠಿಣವು. ಮೂರನೆಯದಾಗಿ, ಜಾತ್ರೆಯ ದಿನಗಳಲ್ಲಿ ಕಬ್ಬಿನ ವಾಹನಗಳಿಗೆ ಹೊತ್ತನ್ನು ಗೊತ್ತುಪಡಿಸಿ, ರಸ್ತೆಯ ಒಂದು ಮಗ್ಗುಲನ್ನು ನಡೆಯುವವರಿಗೆ ಬಿಡಿಸಿಕೊಡಲಿ. ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ.

ಗುರುತು ಹಾಕಿದರೆ ಕುಮಾರಪರ್ವತದ ಗದ್ದಲವೇ ಇಲ್ಲಿಗೂ ಬಂದೀತೆಂಬ ಅಂಜಿಕೆಯು ನಿರಾಧಾರವಾದುದಲ್ಲ. ಶಿಡ್ಲಫಡಿಯ ಚಿತ್ರಗಳ ಮೇಲೆ ಒಬ್ಬ ಮೂಢನು ತನ್ನ ಹೆಸರು ಗೀಚಿದರೆ ಮರಳಿ ಬರೆಯಲು ಆ ಚಿತ್ರಕಾರನು ಬರಲಾರನು. ಆದುದರಿಂದ ಗುಡ್ಡದ ಮೇಲಿನ ಭಾಗಕ್ಕೆ ಮುಂಗಡ ನೋಂದಣಿಯೂ ಸಂಖ್ಯೆಯ ಮಿತಿಯೂ ಇರಲಿ. ಸ್ಥಳದ ತರುಣರನ್ನೇ ಮಾರ್ಗದರ್ಶಕರನ್ನಾಗಿ ತಯಾರು ಮಾಡಿ ಅವರೊಡನೆ ಮಾತ್ರ ಬಿಡಲಿ. ಮೋಟಾರಿನಲ್ಲಿ ಬಂದವನು ಗುಡಿ ನೋಡಿ ಒಂದು ತಾಸಿನಲ್ಲಿ ಮರಳುತ್ತಾನೆ. ನಡೆದು ಬಂದವನು ಬನಶಂಕರಿಯ ಗುಡಿಯ ಮುಂದೆ ಬುಟ್ಟಿಯಿಟ್ಟು ಕುಳಿತ ತಾಯಂದಿರಿಂದ ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆಯ ಮೊಸರು ಕೊಂಡು ಉಂಡು, ರಾತ್ರಿ ಊರಲ್ಲಿಯೇ ತಂಗುತ್ತಾನೆ. ಹಳ್ಳಿಯ ಕೈಗೆ ಹಣ ಸೇರುವದು ಈ ಎರಡನೆಯವನಿಂದ.

ನಡಿಗೆಯ ಬೆಲೆಯನ್ನು ಕನ್ನಡಿಗರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. 1905ರಲ್ಲಿ ಹಂಪಿಯ ಹಾಳುಗಳನ್ನು ಕಣ್ಣಾರೆ ಕಂಡಾಗಲೇ ಆಲೂರ ವೆಂಕಟರಾಯರಲ್ಲಿ ಕರ್ನಾಟಕತ್ವದ ಜ್ಯೋತಿಯು ಹೊತ್ತಿತು. 1930ರಲ್ಲಿ ಮಹಾತ್ಮರೊಡನೆ ದಾಂಡಿಯವರೆಗೆ ಸುಮಾರು 240 ಮೈಲು ನಡೆದ ತಂಡದಲ್ಲಿ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರಿದ್ದರು. ಅಂಥವರ ನಾಡಿನಲ್ಲಿ ನಡೆಯುವವನಿಗೆ ಕಾಲೂರಲು ದಾರಿಯಿಲ್ಲವೆಂದರೆ ಅದು ಆಡಳಿತಕ್ಕೆ ಭೂಷಣವಲ್ಲ. ಮುಂದಿನ ಬನದ ಹುಣ್ಣಿಮೆಯೊಳಗೆ ಜಿಲ್ಲಾಧಿಕಾರಿಗಳು ಕಂದಾಯ, ಅರಣ್ಯ, ಪುರಾತತ್ತ್ವ, ಪೋಲೀಸ ಖಾತೆಗಳವರನ್ನೂ ಚೊಳಚಗುಡ್ಡದ ಪಂಚರನ್ನೂ ಒಂದೆಡೆ ಕೂಡಿಸಿ ಈ ವಿಷಯದಲ್ಲಿ ನಿರ್ಣಯ ಮಾಡುವರೆಂದು ಆಶಿಸುತ್ತೇವೆ. ನಕಾಶೆಯ ಮೇಲಿನ ಚುಕ್ಕೆಗೆರೆಯು ನೆಲದ ಮೇಲೆ ಇನ್ನೂ ಕಾಣುತ್ತಿರುವಾಗಲೇ ಈ ಕೆಲಸವಾಗತಕ್ಕದ್ದು.