ಪರೀಕ್ಷಕನಿಗೆ ಸಂಭಾವನೆ ಕೊಡುವವರಾರು?

ಫ್ರಾನ್ಸಿನ ಪಿಐಪಿ ಕಂಪನಿಯು ಕೃತಕ ಸ್ತನಗಳಲ್ಲಿ ಕೈಗಾರಿಕಾ ದರ್ಜೆಯ ಸಿಲಿಕೋನ್ ತುಂಬಿ ಮಾರುತ್ತಿದ್ದುದು 2010ರಲ್ಲಿ ಬಯಲಾಯಿತು. ಆ ಸರಕಿನ ಮೇಲೂ ಯುರೋಪಿನ ಸಿಇ ಮುದ್ರೆಯಿತ್ತು! ಇದಾದ ಮೇಲೆ, 2017ರಲ್ಲಿ ಐರೋಪ್ಯ ಒಕ್ಕೂಟವು ವೈದ್ಯಕೀಯ ಸಾಧನಗಳಿಗೂ ರಕ್ತ, ಮೂತ್ರಾದಿಗಳ ಪರೀಕ್ಷಾ ಕಿಟ್‌ಗಳಿಗೂ ಬಿಗಿಯಾದ ಎರಡು ಕಾನೂನುಗಳನ್ನು ರಚಿಸಿತು. ಮುನ್ಸೂಚನೆಯಿಲ್ಲದ ತಪಾಸಣೆಯನ್ನು ಕಡ್ಡಾಯಗೊಳಿಸಿದ್ದು ಮೆಚ್ಚತಕ್ಕದ್ದೇ.

ಆದರೆ ಮೂಲದೋಷ ಹಾಗೆಯೇ ಉಳಿದಿದೆ: ತಪಾಸಣಾ ಸಂಸ್ಥೆಯನ್ನು ಆರಿಸುವವನೂ ಅದಕ್ಕೆ ಶುಲ್ಕ ತೆರುವವನೂ ತಯಾರಕನೇ. ವರ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ತಿದ್ದಿದ ನಾನು ಕೇಳುತ್ತೇನೆ: ವಿದ್ಯಾರ್ಥಿಯೇ ಪರೀಕ್ಷಕನನ್ನು ಆರಿಸಿ ಸಂಭಾವನೆ ಕೊಡುವ ಪದ್ಧತಿಯನ್ನು ಯಾವ ಶಾಲೆ ಒಪ್ಪೀತು?

ಸಾಲದ್ದಕ್ಕೆ, ಹಳೆಯ ಪ್ರಮಾಣಪತ್ರವುಳ್ಳ ಸಾಧನಗಳ ಗಡುವನ್ನು 2023ರಲ್ಲಿ 2027 ಮತ್ತು 2028ರವರೆಗೆ ವಿಸ್ತರಿಸಲಾಯಿತು. ಸರಬರಾಜು ನಿಂತೀತೆಂಬ ಭಯ ಸುಳ್ಳಲ್ಲ; ಆದರೆ ಗಡುವು ಮುಂದೂಡಿದರೆ ದೋಷ ನೀಗದು. ಶುಲ್ಕವನ್ನು ಸರ್ಕಾರವೇ ಸಂಗ್ರಹಿಸಲಿ, ಪರೀಕ್ಷಕನನ್ನೂ ತಾನೇ ನೇಮಿಸಲಿ. ದೇಹದೊಳಗೆ ಸೇರುವ ವಸ್ತುವಿನ ಪರೀಕ್ಷೆ ವ್ಯಾಪಾರಿಯ ಮರ್ಜಿಗೆ ಬಿಡತಕ್ಕದ್ದಲ್ಲ.